ಅಲೆಯನ್ನು ಅಳೆದ ಆಚಾರ್ಯ ಜಗದೀಶಚಂದ್ರ ಬೋಸ್

2016ರಲ್ಲಿ ಕೃಷ್ಣೆಗೆ ಪುಷ್ಕರ ಬಂದಾಗ ಹಿರಿಯರ ಕೈ ಹಿಡಿದು ನದಿಯ ಘಟ್ಟಕ್ಕೆ ಹೋದ ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ಜನರ ನಡುವೆ ನಿಂತ ಪೊಲೀಸರ ಕೈಯಲ್ಲಿದ್ದ ವಾಕಿಟಾಕಿ ಅವರಿಗೆ ನೆನಪಿರಬಹುದು. ಜಾತ್ರೆಯಲ್ಲಿ, ಚುನಾವಣೆಯಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ಅದು ಈಗಲೂ ಕಣ್ಣಿಗೆ ಬೀಳುತ್ತದೆ. ಅದರ ನೆತ್ತಿಯ ಮೇಲೊಂದು ಕರಿಯ ಕೋಲು. ಒಂದು ಸೆಟ್ಟಿನಲ್ಲಿ ಅದು ಗೇಣುದ್ದ, ಇನ್ನೊಂದರಲ್ಲಿ ಬೆರಳುದ್ದ. ಇದೇಕೆ ಹೀಗೆ, ಯಾವುದು ಒಳ್ಳೆಯದು ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಂಗಡಿಯವನನ್ನು ಕೇಳಿದರೆ ಬೆಲೆ ಹೆಚ್ಚಿನದೇ ಒಳ್ಳೆಯದು ಎನ್ನುತ್ತಾನೆ. ಸರಿಯಾದ ಉತ್ತರ ಬೇಕಾದರೆ ನಾವು ನೂರಮೂವತ್ತು ವರ್ಷ ಹಿಂದಕ್ಕೆ, ಕಲ್ಕತ್ತೆಯ ಒಂದು ಕಾಲೇಜಿನ ಇಕ್ಕಟ್ಟಾದ ಕೋಣೆಗೆ ಹೋಗಬೇಕು. ಅಲ್ಲಿ ಕೆಲಸ ಮಾಡುತ್ತಿದ್ದವರು ಆಚಾರ್ಯ ಜಗದೀಶಚಂದ್ರ ಬೋಸರು. ಗಿಡಗಳಿಗೂ ಸ್ಪಂದನವಿದೆ ಎಂದು ತೋರಿಸಿದವರೆಂದು ಅವರ ಪಾಠವನ್ನು ನಾವೆಲ್ಲ ಓದಿದ್ದೇವೆ. ಅದಕ್ಕೂ ಮುಂಚೆ ಅವರು ಮಾಡಿದ ಕೆಲಸ ಪಠ್ಯಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಕೆಲಸವನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇವೆ.

ಬೋಸರು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ತಂದೆ ಭಗವಾನ್ ಚಂದ್ರ ಬೋಸರು ಡೆಪ್ಯುಟಿ ಮ್ಯಾಜಿಸ್ಟ್ರೇಟರು. ಆ ಕಾಲದಲ್ಲಿ ಅಂಥ ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದು ರೂಢಿ. ತಂದೆ ಅದಕ್ಕೆ ಒಪ್ಪಲಿಲ್ಲ. ಮಗ ಮೊದಲು ತಾಯಿನುಡಿಯನ್ನು ಕಲಿಯಲಿ, ತನ್ನ ಜನರನ್ನು ತಿಳಿಯಲಿ, ಆಮೇಲೆ ಇಂಗ್ಲಿಷ್ ಎಂದು ನಿಶ್ಚಯಿಸಿ ಫರೀದ್‌ಪುರದಲ್ಲಿ ಬಂಗಾಳಿ ಶಾಲೆಗೆ ಸೇರಿಸಿದರು. ಆ ಶಾಲೆಯಲ್ಲಿ ಹುಡುಗನ ಬಲಕ್ಕೆ ಕೂರುತ್ತಿದ್ದವನು ತಂದೆಯ ಕಚೇರಿಯ ಮುಸಲ್ಮಾನ ಜವಾನನ ಮಗ, ಎಡಕ್ಕೆ ಕೂರುತ್ತಿದ್ದವನು ಬೆಸ್ತರ ಮಗ. ಹಕ್ಕಿ, ಮೀನು, ನೀರಿನ ಜೀವಿಗಳ ಕಥೆಗಳನ್ನು ಅವರಿಂದ ಕೇಳಿ ಕೇಳಿಯೇ ಪ್ರಕೃತಿಯ ಕಡೆಗೆ ತನ್ನ ಮನಸ್ಸು ತಿರುಗಿತೆಂದು ಬೋಸರು ಮುಂದೆ ದೊಡ್ಡ ಸಭೆಗಳಲ್ಲಿ ನೆನೆದುಕೊಂಡಿದ್ದಾರೆ. ಅವರನ್ನು ಶಾಲೆಗೆ ಹೊತ್ತುಕೊಂಡು ಹೋಗುತ್ತಿದ್ದ ಆಳಿನ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಅವನು ಹಿಂದೆ ದರೋಡೆಕೋರ. ಅವನಿಗೆ ಸೆರೆವಾಸದ ಶಿಕ್ಷೆ ಕೊಟ್ಟವರು ಬೋಸರ ತಂದೆಯೇ. ಬಿಡುಗಡೆಯಾಗಿ ಬಂದು ಹೊಟ್ಟೆಪಾಡಿಗೆ ದಾರಿ ಕೇಳಿದಾಗ ಅವನನ್ನೇ ಮನೆಯಲ್ಲಿ ಕೆಲಸಕ್ಕಿಟ್ಟುಕೊಂಡು, ಮಗನನ್ನು ಅವನ ಹೆಗಲಿಗೆ ಒಪ್ಪಿಸಿದರು!

ತೆಲುಗು, ಉರ್ದು, ಕನ್ನಡ ಮೂರೂ ಒಂದೇ ಓಣಿಯಲ್ಲಿ ಕೇಳಿಬರುವ ನಮ್ಮ ನಾರಾಯಣಪೇಟೆ, ಮಕ್ತಲ ಸೀಮೆಯಲ್ಲಿ ಮಕ್ಕಳನ್ನು ಯಾವ ಮಾಧ್ಯಮಕ್ಕೆ ಹಾಕಬೇಕೆಂಬ ಚರ್ಚೆ ಪ್ರತಿ ಜೂನ್ ತಿಂಗಳಲ್ಲಿ ಮನೆಮನೆಯಲ್ಲೂ ನಡೆಯುತ್ತದೆ. ಕನ್ನಡ ಶಾಲೆಗೆ ಹಾಕಿದರೆ ವಿಜ್ಞಾನ ಹೇಗೆ ಬಂದೀತು ಎಂಬುದು ತಂದೆತಾಯಿಗಳ ಅಂಜಿಕೆ. ಅಂಥವರು ಬೋಸರ ಬಾಲ್ಯದ ಈ ಭಾಗವನ್ನು ಒಮ್ಮೆ ನಿಧಾನವಾಗಿ ಓದಲಿ ಎಂಬುದಷ್ಟೇ ನಮ್ಮ ಕೋರಿಕೆ.

ಮುಂದಿನ ವಿದ್ಯಾಭ್ಯಾಸ ಕಲ್ಕತ್ತೆಯ ಹೇರ್ ಶಾಲೆಯಲ್ಲಿ, ಆಮೇಲೆ ಸೇಂಟ್ ಝೇವಿಯರ್ ಶಾಲೆ ಮತ್ತು ಕಾಲೇಜಿನಲ್ಲಿ ನಡೆಯಿತು. ಅಲ್ಲಿ ಫಾದರ್ ಲಫಾಂ ಎಂಬ ಪಾದ್ರಿ ಅಧ್ಯಾಪಕರು ಪ್ರಯೋಗಗಳನ್ನು ಮಾಡಿ ತೋರಿಸುತ್ತಿದ್ದ ರೀತಿ ಈ ವಿದ್ಯಾರ್ಥಿಯನ್ನು ಭೌತಶಾಸ್ತ್ರದ ಕಡೆಗೆ ಎಳೆಯಿತು. 1880ರಲ್ಲಿ ವೈದ್ಯಕೀಯ ಓದಲು ಲಂಡನ್ನಿಗೆ ಹೋದರು. ಹಿಂದೆ ಹಿಡಿದಿದ್ದ ಜ್ವರ ಶವಚ್ಛೇದನದ ಕೋಣೆಯ ಗಾಳಿಗೆ ಮತ್ತೆ ಮತ್ತೆ ಮರುಕಳಿಸಿ ಆ ಓದು ನಿಂತಿತು. ಕೇಂಬ್ರಿಜ್‌ಗೆ ಹೋಗಿ ವಿಜ್ಞಾನ ಓದಿದರು. ಅಲ್ಲಿ ಲಾರ್ಡ್ ರ‍್ಯಾಲೆಯವರಂಥ ಗುರುಗಳು ದೊರೆತರು. ಜ್ವರ ಬರದೇ ಇದ್ದಿದ್ದರೆ ಬಂಗಾಳಕ್ಕೆ ಒಬ್ಬ ಒಳ್ಳೆಯ ಡಾಕ್ಟರು ಸಿಗುತ್ತಿದ್ದರು, ಅಷ್ಟೆ.

1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕವಾಯಿತು. ಅಲ್ಲೊಂದು ಅನ್ಯಾಯ ಕಾದಿತ್ತು. ಅದೇ ಕೆಲಸ ಮಾಡುವ ಯುರೋಪಿಯನ್ನರಿಗೆ ಕೊಡುವ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ ಭಾರತೀಯರಿಗೆ. ಬೋಸರದು ಹಂಗಾಮಿ ನೇಮಕವಾದ್ದರಿಂದ ಅದರಲ್ಲೂ ಅರ್ಧ. ಎಂದರೆ ಮೂರರಲ್ಲಿ ಒಂದು ಪಾಲು. ಬೋಸರು ಕೆಲಸ ಬಿಡಲಿಲ್ಲ, ಸಂಬಳವನ್ನೂ ಮುಟ್ಟಲಿಲ್ಲ. ಒಂದು ಪಾಠವನ್ನೂ ತಪ್ಪಿಸದೆ ಮೂರು ವರ್ಷ ಹೀಗೆಯೇ ನಡೆಸಿದರು. ಮನೆಯಲ್ಲಿ ಆಗ ಅನುಕೂಲವಿತ್ತೆಂದು ತಿಳಿಯಬೇಡಿ. ತಂದೆ ಜನರಿಗೆ ಉಪಕಾರವಾಗಲೆಂದು ಚಹಾ ತೋಟ ಮೊದಲಾದ ಉದ್ಯಮಗಳಿಗೆ ಹಣ ಹಾಕಿ ಸಾಲದಲ್ಲಿ ಮುಳುಗಿದ್ದರು. 1887ರಲ್ಲಿ ಅಬಲಾ ದಾಸ್ ಅವರೊಂದಿಗೆ ಬೋಸರ ವಿವಾಹವಾಗಿತ್ತು. ಆಕೆ ಮದರಾಸಿಗೆ ಹೋಗಿ ವೈದ್ಯಕೀಯ ಓದಿದ್ದ ಧೈರ್ಯಶಾಲಿ. ಕಲ್ಕತ್ತೆಯ ಬಾಡಿಗೆ ಕೈಗೆಟುಕದೆ ದಂಪತಿಗಳು ಹೂಗ್ಲಿ ನದಿಯ ದಂಡೆಯ ಚಂದ್ರನಗರದಲ್ಲಿ ಮನೆ ಮಾಡಿದರು. ಬೆಳಿಗ್ಗೆ ಇಬ್ಬರೂ ದೋಣಿಯಲ್ಲಿ ನದಿ ದಾಟುವುದು, ಬೋಸರು ಆಚೆ ದಡದಲ್ಲಿ ರೈಲು ಹತ್ತುವುದು, ಆಕೆ ಒಬ್ಬರೇ ಹುಟ್ಟು ಹಾಕಿಕೊಂಡು ಹಿಂದಿರುಗುವುದು, ಹೀಗೆ ಅವರ ಸಂಸಾರ ಸಾಗಿತು. ಕಡೆಗೆ ಸರ್ಕಾರವೇ ಸೋತು, ನೇಮಕವಾದ ದಿನದಿಂದ ಪೂರ್ತಿ ಸಂಬಳವನ್ನು ಒಟ್ಟಿಗೆ ಕೊಟ್ಟಿತು. ಆ ಹಣ ತಂದೆಯ ಸಾಲಕ್ಕೆ ಹೋಯಿತು.

ಇನ್ನು ಅಲೆಗಳ ವಿಷಯ. ಜರ್ಮನಿಯ ಹೈನ್‌ರಿಕ್ ಹರ್ಟ್ಸ್ ಎಂಬ ವಿಜ್ಞಾನಿ 1887-88ರಲ್ಲಿ ವಿದ್ಯುತ್ ಕಿಡಿಯಿಂದ ಕಣ್ಣಿಗೆ ಕಾಣದ ಅಲೆಗಳು ಹೊರಡುತ್ತವೆ, ಅವು ಬೆಳಕಿನ ಹಾಗೆಯೇ ಹರಿಯುತ್ತವೆ ಎಂದು ತೋರಿಸಿದರು. 1894ರ ಜನವರಿ 1ರಂದು, ತಮ್ಮ 36ನೆಯ ವಯಸ್ಸಿನಲ್ಲಿ, ಹರ್ಟ್ಸ್ ತೀರಿಕೊಂಡರು. ಅದೇ ವರ್ಷ ನವೆಂಬರ್ 30ರಂದು ಬೋಸರಿಗೆ 36 ತುಂಬಿತು. ಇನ್ನುಳಿದ ಆಯುಷ್ಯ ಸಂಶೋಧನೆಗೆ ಎಂದು ಅಂದೇ ಸಂಕಲ್ಪ ಮಾಡಿದರು. ಕಾಲೇಜಿನಲ್ಲಿ ಪ್ರಯೋಗಾಲಯವಿರಲಿಲ್ಲ. ಸಿಕ್ಕಿದ್ದು 24 ಚದರ ಅಡಿಯ ಮೂಲೆ. ನಮ್ಮೂರ ನೇಕಾರರ ಮಗ್ಗದ ಗುಂಡಿಯೂ ಅದರ ಸುತ್ತಲಿನ ಜಾಗವೂ ಸೇರಿದರೆ ಅದಕ್ಕಿಂತ ದೊಡ್ಡದಾದೀತು. ಸಹಾಯಕ್ಕೆ ಇದ್ದವನು ವಿಜ್ಞಾನ ಓದಿರದ ಒಬ್ಬ ತಗಡಿನ ಕೆಲಸಗಾರ. ಉಪಕರಣಗಳಿಗೆ ಆದ ಖರ್ಚು ಬಹುಮಟ್ಟಿಗೆ ಅವರ ಕಿಸೆಯಿಂದಲೇ.

ಹರ್ಟ್ಸರ ಅಲೆಗಳು ಉದ್ದವಾಗಿದ್ದವು. ಅವರು ಬಳಸಿದ ಚಿಕ್ಕ ಅಲೆಯೇ ಸುಮಾರು 66 ಸೆಂಟಿಮೀಟರು. ಅಲೆ ಉದ್ದವಾದಷ್ಟೂ ಅದನ್ನು ಹಿಡಿಯುವ, ತಿರುಗಿಸುವ ಸಾಮಾನು ದೊಡ್ಡದಾಗಬೇಕು. ಹರ್ಟ್ಸರ ತಗಡಿನ ಕನ್ನಡಿ ಆಳೆತ್ತರ ಇತ್ತು. ಬೋಸರು ತಿರುಗಿ ಯೋಚಿಸಿದರು. ಕೋಣೆಯನ್ನು ದೊಡ್ಡದು ಮಾಡುವುದು ಕೈಲಾಗದಿದ್ದರೆ ಅಲೆಯನ್ನೇ ಚಿಕ್ಕದು ಮಾಡಿದರಾಯಿತು! ಸಣ್ಣ ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸಿ ಅಲೆಯ ಉದ್ದವನ್ನು ಎರಡೂವರೆ ಸೆಂಟಿಮೀಟರಿನಿಂದ 5 ಮಿಲಿಮೀಟರಿನವರೆಗೆ ಇಳಿಸಿದರು. ಇಡೀ ಉಪಕರಣ ಮೇಜಿನ ಮೇಲೆ ಕೂರುವಷ್ಟಾಯಿತು. ಬಡತನ ಬುದ್ಧಿಯನ್ನು ಚುರುಕು ಮಾಡುತ್ತದೆಂಬ ಮಾತು ನಮಗೆ ಅಷ್ಟು ಹಿಡಿಸುವುದಿಲ್ಲ, ಏಕೆಂದರೆ ಎಷ್ಟೋ ಬುದ್ಧಿವಂತರನ್ನು ಬಡತನ ತುಳಿದೇ ಹಾಕಿದೆ. ಆದರೆ ಇಲ್ಲಿ ಮಾತ್ರ ಕೋಣೆಯ ಇಕ್ಕಟ್ಟು ವಿಜ್ಞಾನಕ್ಕೆ ಲಾಭವನ್ನೇ ತಂದಿತು.

ಅವರು ಕಟ್ಟಿದ ಸಾಮಾನುಗಳು ಓದಲಿಕ್ಕೇ ಚೆಂದ. ಅಲೆಗಳನ್ನು ಕೂಡಿಸಲು ಲೋಹದ ಚೌಕಾಕಾರದ ಆಲಿಕೆ, ಸೀಸೆಗೆ ಎಣ್ಣೆ ಸುರಿಯಲು ನಾವು ಬಳಸುತ್ತೇವಲ್ಲ, ಆ ಜಾತಿಯದು. ಇಂದು ಉಪಗ್ರಹಗಳಲ್ಲಿ, ರಾಡಾರುಗಳಲ್ಲಿ ಇರುವ ಕಹಳೆ ಆಂಟೆನಾದ ಪೂರ್ವಜ ಇದೇ. ಅಲೆಗಳನ್ನು ಬಾಗಿಸಲು ಗಂಧಕವನ್ನು ಎರಕ ಹೊಯ್ದು ಮಸೂರ ಮಾಡಿದರು. ಅಲೆಗೆ ದಿಕ್ಕುಂಟೇ ಎಂದು ನೋಡಲು ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕವೊಂದನ್ನು ತೆಗೆದುಕೊಂಡು ಹಾಳೆಗಳ ನಡುವೆ ತವರದ ತೆಳು ತಗಡನ್ನು ಸೇರಿಸಿದರು. ಪುಸ್ತಕವನ್ನು ಒಂದು ರೀತಿ ಹಿಡಿದರೆ ಅಲೆ ದಾಟಿತು. ಕಾಲು ಸುತ್ತು ತಿರುಗಿಸಿ ಹಿಡಿದರೆ ಅಲ್ಲೇ ನಿಂತಿತು! ಸೆಣಬಿನ ನಾರನ್ನು ಹುರಿ ಹೊಸೆದು ಅಲೆಯ ದಾರಿಯಲ್ಲಿಟ್ಟರೆ, ಹುರಿ ತಿರುಗಿದ ಕಡೆಗೆ ಅನುಸಾರವಾಗಿ ಅಲೆಯ ದಿಕ್ಕೂ ತಿರುಗಿತು. ಸೀರೆಯಲ್ಲಿ ಹಾಸು ಒಂದು ದಿಕ್ಕು, ಹೊಕ್ಕು ಇನ್ನೊಂದು ದಿಕ್ಕು ಎಂಬುದು ನಾರಾಯಣಪೇಟೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೇಡಿಯೋ ಅಲೆಗೂ ಹಾಗೆಯೇ ಅದರದೊಂದು ಹಾಸು ಉಂಟು. ವಿಜ್ಞಾನದಲ್ಲಿ ಇದಕ್ಕೆ ಧ್ರುವೀಕರಣ ಎನ್ನುತ್ತಾರೆ.

1895ರ ಸುಮಾರಿಗೆ ಬೋಸರು ಕಲ್ಕತ್ತೆಯಲ್ಲಿ ಬಹಿರಂಗ ಪ್ರದರ್ಶನ ನಡೆಸಿದರು. ಒಂದು ಕಡೆ ಕಿಡಿ ಹಾರಿಸಿದರೆ 75 ಅಡಿ ಆಚೆಯ ಕೋಣೆಯಲ್ಲಿ ಗಂಟೆ ಬಾರಿಸಿತು, ಮದ್ದು ಸಿಡಿಯಿತು. ನಡುವೆ ಗೋಡೆಗಳು. ಸಾಲದ್ದಕ್ಕೆ ಸಭೆಯ ಅಧ್ಯಕ್ಷತೆ ವಹಿಸಿದ್ದ ಬಂಗಾಳದ ಲೆಫ್ಟಿನೆಂಟ್ ಗವರ್ನರರ ದೊಡ್ಡ ದೇಹವೂ ದಾರಿಯಲ್ಲಿತ್ತಂತೆ. ಅಷ್ಟು ದೂರ ಮುಟ್ಟಿಸಲು ಬೋಸರು 20 ಅಡಿ ಎತ್ತರದ ಕಂಬದ ತುದಿಗೆ ದುಂಡಗಿನ ಲೋಹದ ತಟ್ಟೆ ಕಟ್ಟಿ ಅದನ್ನು ಕಿಡಿಯ ಯಂತ್ರಕ್ಕೆ ಜೋಡಿಸಿದ್ದರು. ಅಂಥದೇ ಇನ್ನೊಂದು ಕಂಬ ಗ್ರಾಹಕದ ಕಡೆಗೆ. ಮುಂದೆ ಜಗತ್ತಿನ ತುಂಬ ಎದ್ದ ಎತ್ತರದ ಏರಿಯಲ್ಲುಗಳಿಗೆ ಇದು ಮೊದಲ ಮಾದರಿಗಳಲ್ಲೊಂದು.

ಈಗ ವಾಕಿಟಾಕಿಯ ಕೋಲಿಗೆ ಬರೋಣ. ಬೋಸರ ಕೋಣೆಯಲ್ಲಿ ಕಂಡ ಮೂರು ಸಂಗತಿಗಳೇ, ಎಂದರೆ ಅಲೆಯ ಅಳತೆ, ಅಲೆಯ ದಿಕ್ಕು, ಕಂಬದ ಎತ್ತರ, ಇಲ್ಲಿಯೂ ನಡೆಯುತ್ತವೆ. 300ನ್ನು ಮೆಗಾಹರ್ಟ್ಸ್ ಲೆಕ್ಕದ ಆವೃತ್ತಿಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ. 150 ಮೆಗಾಹರ್ಟ್ಸಿನ ಸೆಟ್ಟಿಗೆ 2 ಮೀಟರ್. 450 ಮೆಗಾಹರ್ಟ್ಸಿನದಕ್ಕೆ ಸುಮಾರು 67 ಸೆಂಟಿಮೀಟರ್. ನೆಟ್ಟಗಿನ ಕೋಲು ಅಲೆಯ ಕಾಲು ಭಾಗದಷ್ಟಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಂದರೆ ಮೊದಲನೆಯದಕ್ಕೆ 50 ಸೆಂಟಿಮೀಟರು ಬೇಕು, ಎರಡನೆಯದಕ್ಕೆ ಹದಿನಾರು ಹದಿನೇಳು ಸಾಕು. ಅರ್ಧ ಮೀಟರಿನ ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು ಕಷ್ಟ. ಅದಕ್ಕಾಗಿ ತಂತಿಯನ್ನು ಸುರುಳಿ ಸುತ್ತಿ ರಬ್ಬರಿನ ಹೊದಿಕೆಯಲ್ಲಿಟ್ಟು ಗಿಡ್ಡದು ಮಾಡುತ್ತಾರೆ. ಅನುಕೂಲವೇನೋ ಆಯಿತು, ಆದರೆ ಸಾಮರ್ಥ್ಯ ತಗ್ಗಿತು. ಬೆರಳುದ್ದದ್ದು ಕಿಸೆಗೆ ಒಳ್ಳೆಯದು, ದೂರಕ್ಕೆ ಅಲ್ಲ. ಒಂದು ಆವೃತ್ತಿಯ ಕೋಲನ್ನು ಇನ್ನೊಂದರ ಸೆಟ್ಟಿಗೆ ತಿರುಪಿದರೆ ಮಾತು ಮುಟ್ಟದಿರುವುದಷ್ಟೇ ಅಲ್ಲ, ಹೊರಹೋಗಬೇಕಾದ ಶಕ್ತಿ ಹಿಂದಿರುಗಿ ಸೆಟ್ಟೇ ಬಿಸಿಯಾಗಿ ಕೆಡಬಹುದು. ಎಳೆದು ಉದ್ದ ಮಾಡುವ ಕೋಲಾದರೆ ಪೂರ್ತಿ ಎಳೆದೇ ಮಾತಾಡಬೇಕು.

ಇನ್ನೊಂದು ಮಾತು. ಕಾಣುವ ಕೋಲು ಆಂಟೆನಾದ ಅರ್ಧ ಮಾತ್ರ. ಉಳಿದ ಅರ್ಧ ಸೆಟ್ಟಿನ ಒಡಲು ಮತ್ತು ಹಿಡಿದವನ ಕೈ. ಆದ್ದರಿಂದ ಸೊಂಟದಲ್ಲಿಟ್ಟುಕೊಂಡು ಮಾತಾಡುವುದಕ್ಕೂ ಮುಖದ ಎದುರು ನೆಟ್ಟಗೆ ಎತ್ತಿ ಹಿಡಿದು ಮಾತಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಒಬ್ಬರು ನೆಟ್ಟಗೆ, ಇನ್ನೊಬ್ಬರು ಅಡ್ಡಲಾಗಿ ಹಿಡಿದರೆ ಬೋಸರ ಪುಸ್ತಕವನ್ನು ತಿರುಗಿಸಿದಂತೆಯೇ ಆಗುತ್ತದೆ. ಎತ್ತರವೂ ಮುಖ್ಯ. ನಮ್ಮ ಬಯಲು ಸೀಮೆಯಲ್ಲಿ ಆಳೆತ್ತರದಲ್ಲಿ ಹಿಡಿದ ಸೆಟ್ಟಿಗೆ ಭೂಮಿಯ ಬಾಗು ಅಡ್ಡ ಬರುವುದಕ್ಕೆ ಮುಂಚೆ ನಾಲ್ಕೈದು ಕಿಲೋಮೀಟರು ಸಿಗುತ್ತದೆ. ಎರಡು ಕಡೆಯೂ ಸೇರಿದರೆ ಎಂಟೊಂಬತ್ತು. ಊರು, ಮರಗಳು ಬಂದರೆ ಅದೂ ಇಲ್ಲ. ಬ್ಯಾಟರಿಯ ಶಕ್ತಿ ಇಮ್ಮಡಿ ಮಾಡುವುದಕ್ಕಿಂತ ಒಂದು ಮಾಳಿಗೆ ಹತ್ತುವುದು ಲೇಸು. ಇದು ಬರಿಯ ಲೆಕ್ಕದ ಮಾತಲ್ಲ. 2009ರ ಅಕ್ಟೋಬರಿನಲ್ಲಿ ಕೃಷ್ಣಾ ತುಂಗಭದ್ರಾ ನದಿಗಳು ಉಕ್ಕಿ ಆಗಿನ ಮಹಬೂಬನಗರ ಜಿಲ್ಲೆ, ರಾಯಚೂರು, ಕರ್ನೂಲುಗಳನ್ನು ಮುಳುಗಿಸಿದ್ದು ಹಿರಿಯರಿಗೆ ನೆನಪಿದೆ. ಅಂಥ ಹೊಳೆ ಬಂದಾಗ ಕಂಬ ಉರುಳಿ, ಕರೆಂಟು ಹೋಗಿ, ಫೋನು ಸತ್ತರೆ ದೋಣಿಯಲ್ಲಿರುವವನಿಗೂ ದಡದಲ್ಲಿರುವವನಿಗೂ ನಡುವೆ ಉಳಿಯುವುದು ಈ ಕೋಲೊಂದೇ.

ಮತ್ತೆ ಬೋಸರ ಕಥೆಗೆ ಬರೋಣ. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. 1897ರ ಜನವರಿ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ತಮ್ಮ ಪುಟ್ಟ ಉಪಕರಣಗಳನ್ನು ಇಟ್ಟು ಉಪನ್ಯಾಸ ಮಾಡಿದಾಗ ಅಲ್ಲಿಯ ದೊಡ್ಡ ದೊಡ್ಡ ವಿಜ್ಞಾನಿಗಳು ಬೆರಗಾದರು. ಅದೇ ಕಾಲದಲ್ಲಿ ಇಟಲಿಯ ತರುಣ ಮಾರ್ಕೋನಿ ಬೇರೆ ದಾರಿ ಹಿಡಿದಿದ್ದರು. ಅಲೆಯನ್ನು ಉದ್ದ ಮಾಡಿ, ಕಂಬವನ್ನು ಎತ್ತರ ಮಾಡಿ, ತಂತಿಯ ಒಂದು ತುದಿಯನ್ನು ಭೂಮಿಗೆ ಜೋಡಿಸಿ ಸುದ್ದಿಯನ್ನು ದೂರ ದೂರ ಮುಟ್ಟಿಸುವುದು ಅವರ ಗುರಿ. 1901ರ ಡಿಸೆಂಬರ್ 12ರಂದು ಅಟ್ಲಾಂಟಿಕ್ ಸಾಗರದಾಚೆಯಿಂದ ಬಂದ ಸಂಕೇತವನ್ನು ಗಾಳಿಪಟಕ್ಕೆ ಕಟ್ಟಿದ ತಂತಿಯಿಂದ ಕೇಳಿದೆನೆಂದು ಅವರು ಸಾರಿದರು. ಅಂದು ಬಳಸಿದ ಪಾದರಸದ ಗ್ರಾಹಕದ ಮೂಲ ಬೋಸರು 1899ರಲ್ಲಿ ಪ್ರಕಟಿಸಿದ ಲೇಖನವೇ ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. 1909ರ ನೊಬೆಲ್ ಬಹುಮಾನ ಮಾರ್ಕೋನಿ ಮತ್ತು ಜರ್ಮನಿಯ ಬ್ರೌನ್ ಇಬ್ಬರಿಗೂ ಸಂದಿತು. ರೇಡಿಯೋ ಕಂಡುಹಿಡಿದವರು ನಮ್ಮ ಬೋಸರೇ, ಇತರರು ಕದ್ದರು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಅಷ್ಟು ದೂರ ಹೋಗುವುದು ಸರಿಯಲ್ಲ. ಬೋಸರ ಗುರಿ ಸುದ್ದಿ ಕಳಿಸುವುದಾಗಿರಲಿಲ್ಲ, ಅಲೆಯ ಗುಣ ತಿಳಿಯುವುದಾಗಿತ್ತು. ಅದರಲ್ಲಿ ಅವರಿಗೆ ಆ ಕಾಲದಲ್ಲಿ ಸರಿಸಾಟಿ ವಿರಳ.

ಪೇಟೆಂಟಿನ ವಿಷಯದಲ್ಲಿ ಮಾತ್ರ ನಮಗೆ ಬೋಸರೊಂದಿಗೆ ಸಣ್ಣ ತಕರಾರಿದೆ. ಅರಿವು ಎಲ್ಲರಿಗೂ ಸೇರಿದ್ದು, ಅದನ್ನು ಮಾರಬಾರದು ಎಂಬುದು ಅವರ ವ್ರತ. ಲಂಡನ್ನಿನಲ್ಲಿ ತಂತಿ ಕಂಪನಿಯ ಧನಿಕನೊಬ್ಬ ಲಾಭದಲ್ಲಿ ಪಾಲು ಕೊಡುತ್ತೇನೆಂದು ಬೆನ್ನು ಬಿದ್ದರೂ ಅವರು ಒಪ್ಪಲಿಲ್ಲ. ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಎಂಬ ಹಿತೈಷಿಗಳ ಒತ್ತಾಯದಿಂದ, ಗೆಲೀನಾ ಎಂಬ ಸೀಸದ ಅದಿರಿನಿಂದ ಮಾಡಿದ ಗ್ರಾಹಕಕ್ಕೆ 1901ರಲ್ಲಿ ಅಮೆರಿಕದಲ್ಲಿ ಅರ್ಜಿ ಹೋಗಿ 1904ರ ಮಾರ್ಚ್ 29ರಂದು ಪೇಟೆಂಟ್ ಬಂದಿತು. ಬೋಸರು ಅದರಿಂದ ಕಾಸು ಮಾಡಿಕೊಳ್ಳಲಿಲ್ಲ. ಅವರ ತ್ಯಾಗ ದೊಡ್ಡದು ನಿಜ. ಆದರೆ ಹಣವಿದ್ದಿದ್ದರೆ ಆ ಕೋಣೆ ದೊಡ್ಡ ಪ್ರಯೋಗಾಲಯವಾಗಿ, ಸಣ್ಣ ಅಲೆಗಳ ಕೆಲಸ ನಮ್ಮ ದೇಶದಲ್ಲೇ ಮುಂದುವರಿಯುತ್ತಿತ್ತೇನೋ ಎಂದು ನಮಗೆ ಅನಿಸದೆ ಇರುವುದಿಲ್ಲ. ಅರೆವಾಹಕಗಳ ಕಾಲಕ್ಕೆ ಅವರು ಅರವತ್ತು ವರ್ಷ ಮುಂಚೆಯೇ ಹುಟ್ಟಿದ್ದರೆಂದು ನೊಬೆಲ್ ಪಡೆದ ವಿಜ್ಞಾನಿ ನೆವಿಲ್ ಮಾಟ್ ಹೇಳಿದ್ದುಂಟು.

ಶತಮಾನ ತಿರುಗುವ ಹೊತ್ತಿಗೆ ಬೋಸರ ಮನಸ್ಸು ಗಿಡಗಳ ಕಡೆ ಹೊರಳಿತು. ಮುಟ್ಟಿದರೆ ಮುನಿ ಗಿಡದ ನಡವಳಿಕೆ, ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರುವ ಕ್ರೆಸ್ಕೋಗ್ರಾಫ್, ಇವೆಲ್ಲ ಪಾಠದಲ್ಲಿರುವುದರಿಂದ ಇಲ್ಲಿ ಬಿಟ್ಟಿದ್ದೇವೆ. 1915ರಲ್ಲಿ ನಿವೃತ್ತರಾದರು. 1917ರ ನವೆಂಬರ್ 30ರಂದು, ತಮ್ಮ ಹುಟ್ಟುಹಬ್ಬದಂದೇ, ಕಲ್ಕತ್ತೆಯಲ್ಲಿ ಬೋಸ್ ಸಂಸ್ಥೆಯನ್ನು ತೆರೆದರು. ಅದೇ ವರ್ಷ ಸರ್ ಪದವಿ, 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದವು. 1937ರ ನವೆಂಬರ್ 23ರಂದು, ಇಂದು ಝಾರ್ಖಂಡಿನಲ್ಲಿರುವ ಗಿರಿಡೀಹ್‌ನಲ್ಲಿ ತೀರಿಕೊಂಡರು. ಮಾರ್ಕೋನಿ ತೀರಿದ್ದೂ ಅದೇ ವರ್ಷ ಜುಲೈನಲ್ಲಿ.

ಬೋಸರು ಬಿಟ್ಟ ಸಣ್ಣ ಅಲೆಗಳನ್ನು ಜಗತ್ತು ಬಹಳ ಕಾಲ ಮರೆತಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಕೈಯಲ್ಲಿ ಹಿಡಿದ ಹ್ಯಾಂಡಿ-ಟಾಕಿಯ ಆವೃತ್ತಿ 3.5ರಿಂದ 6 ಮೆಗಾಹರ್ಟ್ಸ್. ಮೇಲಿನ ಲೆಕ್ಕದ ಪ್ರಕಾರ ಅಲೆ 50 ಮೀಟರಿಗೂ ಕಡಿಮೆಯಿಲ್ಲ, ಕೋಲು ಮಾತ್ರ ಒಂದು ಮೀಟರು! ಆದ್ದರಿಂದ ನೆಲದ ಮೇಲೆ ಅದರ ಮಾತು ಒಂದು ಮೈಲಿಯಷ್ಟೇ ಮುಟ್ಟುತ್ತಿತ್ತು. ಯುದ್ಧಕಾಲದಲ್ಲಿ ರಾಡಾರ್ ಬಂದು ಸಣ್ಣ ಅಲೆಗಳಿಗೆ ಮತ್ತೆ ಬೆಲೆ ಬಂತು. ನಮ್ಮ ನಾಡಿನಲ್ಲಿ ಅದನ್ನು ಕೈಗೆತ್ತಿಕೊಂಡವರಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಮುಖ್ಯರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದ ಆಕೆ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿ, ಆಂಟೆನಾಗಳ ಮೇಲೆ ಸಂಶೋಧನೆ ನಡೆಸಿ, ಪುಸ್ತಕ ಬರೆದು, ಇಪ್ಪತ್ತು ಮಂದಿಯನ್ನು ಡಾಕ್ಟರೇಟಿಗೆ ಸಿದ್ಧಪಡಿಸಿ 2010ರಲ್ಲಿ ತೀರಿಕೊಂಡರು. ನಮ್ಮ ಶಾಲೆಯ ಹೆಣ್ಣುಮಕ್ಕಳು ಈ ಹೆಸರನ್ನೂ ಗುರುತು ಹಾಕಿಕೊಳ್ಳಲಿ.

ಅಮೆರಿಕದ ಕಿಟ್ ಪೀಕ್ ಬೆಟ್ಟದ ಮೇಲಿದ್ದ ರೇಡಿಯೋ ದೂರದರ್ಶಕವೊಂದರ ಗ್ರಾಹಕದಲ್ಲಿ, 1.3 ಮಿಲಿಮೀಟರಿನ ಅಲೆ ಹಿಡಿಯಲು ಬೋಸರ 1897ರ ಕಲ್ಪನೆಗಳನ್ನೇ ಸುಮಾರು ನೂರು ವರ್ಷದ ಮೇಲೆ ಬಳಸಿಕೊಂಡರು. 2012ರಲ್ಲಿ ಜಗತ್ತಿನ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯಾದ ಐ.ಇ.ಇ.ಇ. ಪ್ರೆಸಿಡೆನ್ಸಿ ಕಾಲೇಜಿನ ಆ ಪ್ರಯೋಗಗಳನ್ನು ಮೈಲಿಗಲ್ಲೆಂದು ಘೋಷಿಸಿತು. ತಗಡಿನ ಕೆಲಸಗಾರನೊಂದಿಗೆ ಕಟ್ಟಿದ ಆ ಉಪಕರಣಗಳನ್ನು ಕಲ್ಕತ್ತೆಯ ಬೋಸ್ ಸಂಸ್ಥೆಯವರು ಕಾಪಾಡಿಕೊಂಡು ಬಂದಿದ್ದಾರೆ.